ಎಷ್ಟು ಕೊಡಲಿ

ಸುತ್ತೋಲೆ ಈರೋಡಿನಿಂದ ಬರುತ್ತದೆ, ತಮಿಳಿನಲ್ಲಿ.
ಹೆಡ್‌ಮಾಸ್ಟರು ಕನ್ನಡಕ ಹಣೆಗೇರಿಸಿ
ಕಾಗದವನ್ನು ಮೂಗಿಗೆ ತಂದು ಬಿಡಿಸಿ ಓದುತ್ತಾರೆ:
ವೀಟ್ಟುಪ್ಪಾಡಂ.
ಅಂದರೆ ಮನೆಪಾಠ, ಮೇಡಂ, ಹೋಂವರ್ಕು.
ಕಡಿಮೆ ಮಾಡಬೇಕಂತೆ.
ದಿನಕ್ಕೆ ಎಷ್ಟು ನಿಮಿಷ ಕೊಡ್ತೀರಿ, ಈ ಕಾಲಮ್ಮಿನಲ್ಲಿ ಬರೀರಿ.

ನನ್ನ ಕಿವಿಗೆ ಬಿದ್ದದ್ದು ಮಾತ್ರ
ಮನೆ ಪಾಡು.

ತಾಳವಾಡಿಯಿಂದ ಆಚೆ, ಜೀರಳ್ಳಿ ಕಾಡಿನ ಅಂಚಿಗೆ
ಎರಡು ಕೋಣೆ, ಐದು ತರಗತಿ, ಕನ್ನಡ ಮಾಧ್ಯಮ.
ಆಗಸ್ಟ್ ಕಳೆದ ಮೇಲೆ ಬರುವ ಪುಸ್ತಕ.
ನಲವತ್ತೊಂದು ಮಕ್ಕಳ ನೋಟ್‌ಬುಕ್ಕು
ನನ್ನ ಮೇಜಿನ ಮೇಲೆ ದಿನಾ ಒಂದು ದಿಬ್ಬ.

ಕೆಂಪಸಿದ್ದನ ಪುಟಕ್ಕೆ ಹೊಗೆಯ ವಾಸನೆ.
ಹತ್ತು ಕಳೆಯುವ ಲೆಕ್ಕದಲ್ಲಿ ಆರು ಮಾಡಿದ್ದಾನೆ.
ಏಳನೆಯದರಲ್ಲಿ ಪಕ್ಕದ ಮನೆಯಿಂದ ಹತ್ತು ಕಡ ತಂದು
ತೀರಿಸದೆ ಎದ್ದು ಹೋಗಿದ್ದಾನೆ.
"ಯಾಕೋ?"
"ಆನೆ ಬಂತು ಕನ, ಮಿಸ್. ಅಪ್ಪ ತಮಟೆ ತಕ್ಕಂಡು ಬಾ ಅಂತು."
ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.
ಆನೆಗೆ ಎಷ್ಟು ಅಂಕ ಕಳೆಯುವುದು?

ನನ್ನ ಮನೆಯದು ಬೇರೆ ಕತೆ.
ಮಗ ವ್ಯಾನಿನಲ್ಲಿ ಗಡಿ ದಾಟಿ ಚಾಮರಾಜನಗರಕ್ಕೆ ಹೋಗುತ್ತಾನೆ,
ಇಂಗ್ಲಿಷ್ ಶಾಲೆ, ಒಂದನೇ ಕ್ಲಾಸು,
ದಿನಕ್ಕೆ ನಾಲ್ಕು ವಿಷಯ ಬರೆಯಬೇಕು.
ಹೋದ ವಾರ ಥರ್ಮೋಕೋಲಿನಲ್ಲಿ ಇಗ್ಲೂ ಮಾಡಿ ತರಲು ಹೇಳಿದರು.
ರಾತ್ರಿ ಹನ್ನೊಂದಕ್ಕೆ ಬೆರಳಿಗೆಲ್ಲ ಅಂಟು ಮೆತ್ತಿಕೊಂಡು
ನಾನೂ ಅವರಪ್ಪನೂ ಹಿಮದ ಮನೆ ಕಟ್ಟಿದೆವು.
ಅವನು ಚಾಪೆಯ ಅಂಚಿನಲ್ಲಿ
ಪೆನ್ಸಿಲ್ ಹಿಡಿದ ಕೈ ಹಿಡಿದ ಹಾಗೇ ಮಲಗಿಬಿಟ್ಟಿದ್ದ.
ಮರುದಿನ ಡೈರಿಯಲ್ಲಿ ನಮಗೊಂದು ನಕ್ಷತ್ರ ಬಂತು.

ಸಾಕಪ್ಪಾ ಅನ್ನಿಸಿತು.
ಸೋಮವಾರ ಬೋರ್ಡಿನ ಬಲಮೂಲೆಗೆ
ದಿನಾ ಬರೆಯುವ ಆ ಎರಡು ಸಾಲು ಬರೆಯಲಿಲ್ಲ.
"ಏನೂ ಇಲ್ಲ ಇವತ್ತು, ಆಡ್ಕೊಳ್ಳಿ ಹೋಗಿ."
ಹೋ ಎಂದರು. ಒಬ್ಬನ ಚಪ್ಪಲಿ ಇಲ್ಲೇ ಉಳಿಯಿತು.
ಮಂಗಳವಾರವೂ ಹಾಗೇ, ಬುಧವಾರವೂ.
ನನ್ನ ಮೇಜಿನ ದಿಬ್ಬ ಕರಗಿ ಮರ ಕಂಡಿತು,
ಯಾರೋ ಕೈವಾರದಲ್ಲಿ ಕೆತ್ತಿದ ಹೆಸರು ಕಂಡಿತು.
ಒಳ್ಳೆಯದೇ ಮಾಡಿದೆ ಅಂದುಕೊಂಡೆ.

ಶುಕ್ರವಾರ ಗಂಟೆ ಹೊಡೆದ ಮೇಲೂ
ಮಾದಲಾಂಬಿಕೆ ಹೋಗಲಿಲ್ಲ.
ಐದನೇ ಕ್ಲಾಸು. ಉಗುರಿನ ಸಂದಿಯಲ್ಲಿ
ಚೆಂಡುಹೂವಿನ ಹಳದಿ, ಸೋಪಿಗೂ ಬಗ್ಗದ್ದು.
"ಒಸಿ ಏನಾರ ಕೊಡಿ, ಮಿಸ್."
"ಯಾಕಮ್ಮ, ಬೇಜಾರಾ?"
ತಲೆ ಅಲ್ಲಾಡಿಸಿದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.
"ಬುಕ್ಕು ತೊಡೆ ಮೇಲಿದ್ರೆ ಯಾರೂ ಕರಿಯಕಿಲ್ಲ.
ಓದ್ತಾ ಅವಳೆ ಬುಡು ಅಂತದೆ ಅಜ್ಜಿ.
ಈ ವಾರ ದಿನಾ ಹೊತ್ತು ಮುಳುಗಗಂಟ ಹೂ ಕುಯ್ದಿವ್ನಿ.
ಆಮೇಲೆ ತಮ್ಮನ್ನ ಎತ್ಕಳದು."

ಹತ್ತು ಲೆಕ್ಕ ನನಗೆ ತಿದ್ದುವ ಕೆಲಸ.
ಕೆಂಪಸಿದ್ದನಿಗೆ ಹೊರೆ. ಇವಳಿಗೆ
ಕಾಡಂಚಿಗೆ ಸರ್ಕಾರ ಎಳೆದ ಕರೆಂಟು ತಂತಿಗಿಂತ
ಗಟ್ಟಿ ಬೇಲಿ;
ಒಳಗೆ ಅವಳೊಬ್ಬಳೇ, ಒಂದು ಗಂಟೆ.
ನನಗಿದು ಹೊಳೆದಿರಲಿಲ್ಲ. ಹದಿನಾಲ್ಕು ವರ್ಷದ ಸರ್ವಿಸು.

ಚೀಟಿಯಲ್ಲಿ ಇಪ್ಪತ್ತು ಲೆಕ್ಕ ಬರೆದು ಕೊಟ್ಟೆ, ಕದ್ದು ಕೊಡುವ ಹಾಗೆ.
ಮಡಚಿ ಲಂಗದ ಜೇಬಿಗೆ ಹಾಕಿಕೊಂಡು ಓಡಿದಳು.

ಹೆಡ್‌ಮಾಸ್ಟರು ಮತ್ತೆ ಕೇಳಿದರು, ಮೇಡಂ, ಆ ಕಾಲಮ್ಮು?
ಮಗು ನೋಡಿ ಹೇಳ್ತೀನಿ ಸಾರ್ ಎಂದೆ.
ಹಾಗೆಲ್ಲ ಬರೆಯೋಕೆ ಜಾಗ ಇಲ್ವಲ್ಲ, ಮೇಡಂ.

ಸೋಮವಾರ ಅವಳ ನೋಟ್‌ಬುಕ್ಕು ತೆಗೆದೆ.
ಇಪ್ಪತ್ತೂ ಸರಿ. ಅಲ್ಲಿಗೆ ಗೆರೆ ಎಳೆದಿರಲಿಲ್ಲ.
ಇಪ್ಪತ್ತೊಂದು, ಇಪ್ಪತ್ತೆರಡು, ತಾನೇ ಹಾಕಿಕೊಂಡದ್ದು,
ಅಕ್ಷರ ನಿಧಾನ, ದುಂಡಗೆ, ಹೊತ್ತು ಹೋಗಲೆಂದೇ ತಿದ್ದಿದಂತೆ.
ಕೊನೆಯದು ಇಪ್ಪತ್ತೈದು:
ಒಂದು ಮೂಟೆಗೆ ಮೂವತ್ತು ಕಿಲೋ ಹೂ. ನಾಕು ಮೂಟೆಗೆ?
ಕೆಳಗೆ ಖಾಲಿ.

ಉತ್ತರ ಅವಳಿಗೆ ಗೊತ್ತು.
ನಾಳೆ ಸಾಯಂಕಾಲಕ್ಕೆ ಇಟ್ಟುಕೊಂಡಿದ್ದಾಳೆ.